ದಿಬ್ಬದೊಳಗಿನ ನೆರೆಯವರು

ಡೆನ್ಮಾರ್ಕಿನ ಅತಿ ಎತ್ತರದ ನೆಲವೇ ಸುಮಾರು 171 ಮೀಟರ್. ನಾರ್ವೆಯ ಜನಪದ ಕತೆಗಳ ರಾಕ್ಷಸ ಟ್ರೋಲ್‌ನಂತೆ ಪರ್ವತದಷ್ಟು ಬೆಳೆಯಲು ಇಲ್ಲಿನ ಟ್ರೋಲ್‌ಗೆ ಎಡೆಯೇ ಇಲ್ಲ. ಹೊಲಗಳ ನಡುವಿನ ಪುರಾತನ ಸಮಾಧಿ ದಿಬ್ಬಗಳೊಳಗೇ ಅದರ ಸಂಸಾರ. ಇರುಳಲ್ಲಿ ದಿಬ್ಬವನ್ನು ಕೆಂಪು ಕಂಬಗಳ ಮೇಲೆತ್ತಿ ಹಬ್ಬ ಮಾಡುತ್ತದೆ. ರೈತನ ಮನೆಯಿಂದ ಬಿಯರ್ ಕಡ ತರುತ್ತದೆ. ಚರ್ಚಿನ ಗಂಟೆಯ ಸದ್ದು ತಾಳಲಾರದೆ ಊರು ಬಿಡುತ್ತದೆ.

ನನಗೆ ಅಚ್ಚುಮೆಚ್ಚು ಡೆನ್ಮಾರ್ಕಿನ ಸೋರೋ ಊರಿನ ಕಡೆಯ ಕತೆ. ಕ್ನುರ್ರೆಮುರ್ರೆ ಎಂಬ ಸಿಡುಕು ಮುದಿ ಟ್ರೋಲ್‌ಗೆ ಹೆದರಿ ಎಳೆಯ ಟ್ರೋಲೊಂದು ಬೆಕ್ಕಾಗಿ ಬಡವನೊಬ್ಬನ ಮನೆ ಸೇರುತ್ತದೆ. ಒಂದು ಸಂಜೆ ದಿಬ್ಬದ ಬಳಿ ಬರುತ್ತಿದ್ದ ಆ ಬಡವನಿಗೆ ಕೂಗು ಕೇಳುತ್ತದೆ: ಕ್ನುರ್ರೆಮುರ್ರೆ ಸತ್ತನೆಂದು ನಿನ್ನ ಬೆಕ್ಕಿಗೆ ಹೇಳು. ಮನೆಯಲ್ಲಿ ಅವನು ಅದನ್ನು ಹೇಳುತ್ತಿದ್ದಂತೆ, ಒಲೆಯ ಬಳಿ ಅಂಬಲಿ ನೆಕ್ಕುತ್ತಿದ್ದ ಬೆಕ್ಕು ಎರಡು ಕಾಲ ಮೇಲೆ ನಿಂತು, ಹಾಗಾದರೆ ನಾನು ಹೊರಟೆ ಎಂದು ಬಾಗಿಲು ದಾಟುತ್ತದೆ!

ಇಂಥ ಕತೆಗಳನ್ನು ಡೆನ್ಮಾರ್ಕಿನ ಜಟ್‌ಲೆಂಡ್ ಪ್ರಾಂತ್ಯದ ಬಡವರ ಮನೆಗಳಿಗೆ ನಡೆದು ಹೋಗಿ ಬರೆದುಕೊಂಡವರಲ್ಲಿ ಮುಖ್ಯರು ಶಾಲಾಮಾಸ್ತರ ಎವಾಲ್ಡ್ ಟಾಂಗ್ ಕ್ರಿಸ್ಟೆನ್ಸನ್ (1843–1929).

ರಾಕ್ಷಸನಿಂದ ಹೆದರಿಸುವುದು ಸುಲಭ. ಅವನನ್ನು ಪಕ್ಕದ ಮನೆಯವನನ್ನಾಗಿಸುವುದೇ ನಿಜವಾದ ಕತೆಗಾರಿಕೆ.