ಬ್ರೋಷರ್‌ನಲ್ಲಿ ಇಲ್ಲದ ಪುಟ್ಟ

ಮೊನ್ನೆ ಕಾಕತಿಯ ನಮ್ಮ ಮನೆಗೆ ತಂಗಿ ಕಾಲೇಜಿಂದ ‘ಸ್ಟಡಿ ಅಬ್ರಾಡ್’ ಬ್ರೋಷರ್ ತಂದಳು. ವೀಸಾ, ಲೋನು, ಹಾಸ್ಟೆಲ್, ಏರ್‌ಪೋರ್ಟ್ ಪಿಕಪ್, ಎಲ್ಲಾ ಇತ್ತು. “ಅಣ್ಣಾ, ಅಲ್ಲಿ ಬ್ಯಾಸರಾದ್ರ ಯಾರ ಜೋಡಿ ಮಾತಾಡೂದು?” ಅಂದಳು. ಅದಕ್ಕೆ ಮಾತ್ರ ಬ್ರೋಷರ್‌ನಲ್ಲಿ ಉತ್ತರ ಇರಲಿಲ್ಲ.

ನನಗೆ ‘ಸಂಸ್ಕಾರ’ ನೆನಪಾಯಿತು. ಮಲೆನಾಡಿನ ಅಗ್ರಹಾರದ ಈ ಕಥೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1963ರಲ್ಲಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದ ಯು.ಆರ್. ಅನಂತಮೂರ್ತಿ, ಮೇಷ್ಟ್ರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾಕ್ಕೆ ಹೋದರು. ಸಬ್‌ಟೈಟಲ್ ಇರಲಿಲ್ಲ. ನೀವು ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗ ನಮ್ಮಲ್ಲಿ ಇನ್ನೂ ಬದುಕಿದೆ ಅಂತ ಶಿಷ್ಯ ಹೇಳಿದರೆ, ಅದನ್ನೇ ಬರೆಯಬಾರದೇಕೆ ಅಂದರಂತೆ ಮೇಷ್ಟ್ರು. 1965ರಲ್ಲಿ ಕಾದಂಬರಿ ಬಂತು.

ಕಾದಂಬರಿಯ ಒಳಗೂ ಅದೇ. ಊರು ಬಿಟ್ಟು ನಡೆದ ಪ್ರಾಣೇಶಾಚಾರ್ಯರಿಗೆ ಬಾಯಿಬಡುಕ ಪುಟ್ಟ ಗಂಟುಬೀಳುತ್ತಾನೆ. ಮೊದಲು ಓದಿದಾಗ ಕಿರಿಕಿರಿ ಅನಿಸಿದ್ದ. ಈಗ ಅನಿಸುತ್ತದೆ, ಅವನಿಲ್ಲದೆ ಆಚಾರ್ಯರು ಮೇಳಿಗೆ ಜಾತ್ರೆಯೊಳಗೆ ಕಾಲಿಡುತ್ತಲೇ ಇರಲಿಲ್ಲ. ಪರಊರಲ್ಲಿ ಓದಿಗಿಂತ ಮೊದಲು ಬೇಕಾಗುವುದು ಇಂಥ ಜೊತೆ. ಸೀಟು ಕೊಡಿಸುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬ್ರೋಷರ್ ಮಡಚಿ ತಂಗಿಗೆ ಕೊಟ್ಟೆ. “ಮೊದಲ ಹೋಗಿ, ಈಗ ಅಲ್ಲಿ ಓದಾಕತ್ತಿರೋ ಸೀನಿಯರ್ ನಂಬರ್ ಕೇಳ್ಕೊಂಡ್ ಬಾ.”