ಹಾರ್ಮೋನು ಚಿಕಿತ್ಸೆ: ಶೇಕಡ 26 ಎಂದರೆ ಎಷ್ಟು?

ಅಳತೆಯೊಂದನ್ನು ವರದಿ ಮಾಡುವಾಗ ಸಂಖ್ಯೆಯ ಜೊತೆಗೆ ಅದರ ಮಾನವನ್ನೂ ದೋಷವ್ಯಾಪ್ತಿಯನ್ನೂ ಬರೆಯಬೇಕು. ಇದು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಸುವ ಮೊದಲ ಪಾಠ. ಇವೆರಡನ್ನೂ ಬಿಟ್ಟು ಬರಿಯ ಸಂಖ್ಯೆಯನ್ನು ಸಾರಿದರೆ ಏನಾಗುತ್ತದೆ ಎಂಬುದಕ್ಕೆ ಋತುಬಂಧದ ಹಾರ್ಮೋನು ಚಿಕಿತ್ಸೆಯ ಚರಿತ್ರೆ ತಕ್ಕ ನಿದರ್ಶನ.

ಋತುಬಂಧದ ಹೊತ್ತಿಗೆ ಅಂಡಾಶಯಗಳಲ್ಲಿ ಈಸ್ಟ್ರೊಜೆನ್ ಉತ್ಪಾದನೆ ಕುಸಿಯುತ್ತದೆ. ಮುಖ, ಎದೆ ಇದ್ದಕ್ಕಿದ್ದಂತೆ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರೆಗೆಡುವುದು ಇದರ ಪರಿಣಾಮಗಳು. ಈಸ್ಟ್ರೊಜೆನ್ನನ್ನು ಹೊರಗಿನಿಂದ ಕೊಟ್ಟರೆ ಈ ತೊಂದರೆಗಳು ತಗ್ಗುತ್ತವೆ. ಆದರೆ ಅದೊಂದನ್ನೇ ಕೊಟ್ಟರೆ ಗರ್ಭಕೋಶದ ಒಳಪೊರೆ ಅತಿಯಾಗಿ ಬೆಳೆದು ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ ಎಂಬುದು 1975ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ಗೊತ್ತಾಯಿತು. ಆದ್ದರಿಂದ ಗರ್ಭಕೋಶವಿರುವವರಿಗೆ ಪ್ರೊಜೆಸ್ಟಿನ್ ಸೇರಿಸಿ ಕೊಡುವ ಸಂಯುಕ್ತ ಚಿಕಿತ್ಸೆ ರೂಢಿಗೆ ಬಂತು.

ಹಾರ್ಮೋನು ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಕಡಿಮೆ ಎಂದು ಅಮೆರಿಕದ ದಾದಿಯರ ವೀಕ್ಷಣಾ ಅಧ್ಯಯನ ತೋರಿಸಿತ್ತು. ಆದರೆ ತಾವಾಗಿಯೇ ಚಿಕಿತ್ಸೆ ಆರಿಸಿಕೊಳ್ಳುವವರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿಯುಳ್ಳವರು. ಫಲ ಔಷಧದ್ದೋ ಅವರ ಜೀವನಕ್ರಮದ್ದೋ ಎಂದು ಬೇರ್ಪಡಿಸಲು ಚೀಟಿ ಎತ್ತಿದಂತೆ ಗುಂಪು ಮಾಡುವ ಪ್ರಯೋಗವೇ ಬೇಕು. 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅದನ್ನು ನಡೆಸಿತು. 16,608 ಮಹಿಳೆಯರಲ್ಲಿ ಕೆಲವರಿಗೆ ಸಂಯುಕ್ತ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. 8.5 ವರ್ಷ ನಡೆಯಬೇಕಿದ್ದ ಪ್ರಯೋಗವನ್ನು ಸರಾಸರಿ 5.2 ವರ್ಷಗಳಿಗೆ, 2002ರ ಜುಲೈನಲ್ಲಿ, ನಿಲ್ಲಿಸಲಾಯಿತು.

ಸ್ತನ ಕ್ಯಾನ್ಸರ್ ಶೇಕಡ 26ರಷ್ಟು, ಹೃದ್ರೋಗ ಶೇಕಡ 29ರಷ್ಟು, ಪಾರ್ಶ್ವವಾಯು ಶೇಕಡ 41ರಷ್ಟು ಹೆಚ್ಚಳ ಎಂಬ ಸುದ್ದಿ ಹರಡಿತು. ಅಸಂಖ್ಯ ಮಹಿಳೆಯರು ಮಾತ್ರೆ ಬಿಟ್ಟರು. ಈಗ ಮಾನವನ್ನು ಕೇಳೋಣ. ಶೇಕಡ 26, ಯಾವುದರ ಮೇಲೆ? ಹುಸಿಮಾತ್ರೆಯ ಗುಂಪಿನಲ್ಲಿ ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಔಷಧದ ಗುಂಪಿನಲ್ಲಿ 38 ಮಂದಿಗೆ ಬಂತು. ಹೆಚ್ಚಳ 10,000ಕ್ಕೆ 8. ಐದು ವರ್ಷಕ್ಕೆ ಲೆಕ್ಕ ಹಾಕಿದರೆ 1,000ಕ್ಕೆ ಸುಮಾರು 4. ಇದೇ ಮಾನದಲ್ಲಿ ಹೃದ್ರೋಗ 7, ಪಾರ್ಶ್ವವಾಯು 8, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು 8 ಹೆಚ್ಚು; ದೊಡ್ಡಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆ ಮುರಿತ 5 ಕಡಿಮೆ. ದೋಷವ್ಯಾಪ್ತಿಯನ್ನೂ ನೋಡಬೇಕು: ಸ್ತನ ಕ್ಯಾನ್ಸರಿನ 1.26 ಎಂಬ ಅನುಪಾತದ ವ್ಯಾಪ್ತಿ 1.00ರಿಂದ 1.59. ಕೆಳಗಿನ ತುದಿ 'ವ್ಯತ್ಯಾಸವಿಲ್ಲ' ಎಂಬಲ್ಲಿಗೇ ತಾಗುತ್ತದೆ.

ಹಾಗೆಂದು ಅಪಾಯ ಸುಳ್ಳಲ್ಲ. ಎರಡು ದಶಕಗಳ ಅನುಸರಣೆಯ ನಂತರ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲೂ ಈ ಅನುಪಾತ 1.28 ಇತ್ತು. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೊಜೆನ್ ಮಾತ್ರ ಪಡೆದವರಲ್ಲಾದರೋ ಸ್ತನ ಕ್ಯಾನ್ಸರ್ ಕಡಿಮೆಯಾಗಿತ್ತು. ಎಂದರೆ 'ಹಾರ್ಮೋನು ಚಿಕಿತ್ಸೆ' ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೂ ತಪ್ಪೇ.

ಪ್ರಯೋಗ ಕೇಳಿದ ಪ್ರಶ್ನೆಯೇ ಬೇರೆ ಎಂಬುದು ಇನ್ನೂ ಮುಖ್ಯ. ಅದು ಪರೀಕ್ಷಿಸಿದ್ದು ಈ ಮಾತ್ರೆ ದೀರ್ಘಕಾಲದ ರೋಗಗಳನ್ನು ತಡೆಯುತ್ತದೆಯೇ ಎಂಬುದನ್ನು. ಭಾಗವಹಿಸಿದವರ ಸರಾಸರಿ ವಯಸ್ಸು 63; ಮೂರರಲ್ಲಿ ಎರಡು ಪಾಲು ಜನ 60 ದಾಟಿದವರು. ತೊಂದರೆ ತೀವ್ರವಾಗಿದ್ದವರಿಗೆ ಸೇರಲು ಪ್ರೋತ್ಸಾಹವಿರಲಿಲ್ಲ. ಹೃದ್ರೋಗ ತಡೆಗೆ ಈ ಮಾತ್ರೆ ಬೇಡ ಎಂಬ ತೀರ್ಮಾನ ಸರಿ. ಅದನ್ನೇ ಬೆವರಿ ಎಚ್ಚರವಾಗುವ 50ರ ಮಹಿಳೆಗೆ ನೇರವಾಗಿ ಅನ್ವಯಿಸಿದ್ದು ಅಳತೆಯ ವ್ಯಾಪ್ತಿಯಾಚೆಗೆ ರೇಖೆ ಎಳೆದಂತೆ. ಆಕೆಗೆ ಈ ಚಿಕಿತ್ಸೆ ಬಿಸಿಯೇರುವಿಕೆಯ ಸಂಖ್ಯೆಯನ್ನು ಸುಮಾರು ಮುಕ್ಕಾಲು ಪಾಲು ತಗ್ಗಿಸಬಲ್ಲದು.

ಲೋಲಕ ಈಗ ಇನ್ನೊಂದು ಬದಿಗೆ ತೂಗುತ್ತಿದೆ. ಹೃದ್ರೋಗ, ಸ್ತನ ಕ್ಯಾನ್ಸರ್ ಕುರಿತು ಈ ಔಷಧಗಳ ಮೇಲಿದ್ದ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಚೌಕಟ್ಟು ಹೋದ ಮಾತ್ರಕ್ಕೆ 10,000ಕ್ಕೆ 8 ಎಂಬುದು ಸೊನ್ನೆಯಾಗದು. 2002ರಲ್ಲಿ ಅದು 800 ಆಗಿಯೂ ಇರಲಿಲ್ಲ. 60ರೊಳಗಿನ, ಅಥವಾ ಋತುಬಂಧವಾಗಿ ಹತ್ತು ವರ್ಷ ದಾಟದ, ಬೇರೆ ಅಡ್ಡಿಗಳಿಲ್ಲದ ಮಹಿಳೆಯರಲ್ಲಿ ತೊಂದರೆ ಶಮನಕ್ಕೆ ಲಾಭವೇ ಹೆಚ್ಚು ಎಂಬುದು ಇಂದಿನ ತಜ್ಞರ ಸಾಮಾನ್ಯ ಅಭಿಪ್ರಾಯ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಆಗಿದ್ದವರಿಗೆ ಈ ಮಾತು ಅನ್ವಯಿಸದು.

ಓದುಗರು ವೈದ್ಯರನ್ನು ಕಾಣುವಾಗ ಮೂರು ಪ್ರಶ್ನೆ ಕೇಳಲಿ: ನನ್ನ ವಯಸ್ಸಿನವರಲ್ಲಿ ಸಾವಿರಕ್ಕೆ ಎಷ್ಟು? ಯಾವ ಔಷಧದಿಂದ? ಎಷ್ಟು ವರ್ಷಕ್ಕೆ? ಉತ್ತರ ಶೇಕಡದಲ್ಲಿ ಬಂದರೆ, 'ಯಾವುದರ ಶೇಕಡ?' ಎಂದು ಮತ್ತೊಮ್ಮೆ ಕೇಳಲು ಸಂಕೋಚ ಬೇಡ.