ಹಿಮ್ಮೇಳದ ಕೆಲಸಕ್ಕೆ ಒಂದು ಪೆಡಲ್

ಸಂಗ್ಯಾ-ಬಾಳ್ಯಾ ಬೈಲಹೊಂಗಲದ ಕಥೆ. ಆ ಸಣ್ಣಾಟವನ್ನು ನೇಸರಗಿ ಸುತ್ತಲಿನ ಊರುಗಳಲ್ಲಿ ಬೆಳತನಕ ಕೂತು ನೋಡಿದವರಿಗೆ ಹಿಮ್ಮೇಳದವರ ಕೆಲಸ ಚೆನ್ನಾಗಿ ಗೊತ್ತು. ಪಾತ್ರಧಾರಿ ಸಾಲು ಮುಗಿಸುವ ಹೊತ್ತಿಗೆ ಅದರ ತುದಿ ಹಿಡಿದು ಎತ್ತಬೇಕು, ಅವನು ಉಸಿರು ತಗೊಂಡು ಮತ್ತೆ ಬಾಯಿ ತೆರೆಯುವವರೆಗೆ ಅದನ್ನೇ ತಿರುಗಿಸಬೇಕು. ಅಷ್ಟು ಜನ ಕೂಡದ ಕಡೆ, ಒಬ್ಬನೇ ಗಿಟಾರೋ ಪೇಟಿಯೋ ಹಿಡಿದು ಹಾಡಲು ಹೊರಟ ಹುಡುಗ ಇದೇ ಕೆಲಸವನ್ನು ಲೂಪ್ ಪೆಡಲ್‌ಗೆ ವಹಿಸುತ್ತಾನೆ. ಕಾಲಿನಿಂದ ಒತ್ತಿದರೆ ಅದು ಕೇಳಿದ್ದನ್ನು ಹಿಡಿದಿಡುತ್ತದೆ, ಮತ್ತೆ ಒತ್ತಿದರೆ ತಿರುಗಿಸಲು ಶುರು ಮಾಡುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ.

ವಿದ್ಯುತ್ ಪೆಟ್ಟಿಗೆಗೆ ನಮ್ಮ ಹಾಡುಗಾರರು ಎಂದೋ ಒಗ್ಗಿಕೊಂಡಿದ್ದಾರೆ. ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಇಲ್ಲದ ಭಜನಾ ಮೇಳ ಹುಡುಕಬೇಕು. ಆದರೆ ತಂಬೂರಿ ಪೆಟ್ಟಿಗೆ ಹಾಡುವವನ ತಪ್ಪನ್ನು ಮತ್ತೆ ಹಾಡಿ ತೋರಿಸುವುದಿಲ್ಲ. ಪೆಡಲ್ ತೋರಿಸುತ್ತದೆ, ನಿಲ್ಲಿಸುವವರೆಗೂ.

ಹೊಸಬ ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. 8 ಮಾತ್ರೆಯ ಕೇರವಾ ನುಡಿಸುತ್ತಿದ್ದಾನೆ ಎನ್ನಿ. ಮುಚ್ಚುವ ಒತ್ತು ಬೀಳಬೇಕಾದ್ದು ಎಂಟನೇ ಮಾತ್ರೆಯ ಮೇಲಲ್ಲ, ಮುಂದಿನ ಆವರ್ತದ ಸಮದ ಮೇಲೆ. ಎಂಟಕ್ಕೇ ಒತ್ತಿದರೆ ಒಂದು ಮಾತ್ರೆ ಕತ್ತರಿಸಿ ಹೋಗಿ, ಆವರ್ತ ಏಳಕ್ಕೇ ಮುಗಿದು ಕುಂಟುತ್ತದೆ. ಹೀಗಾಗಿ ಪೆಡಲ್ ಆರಿಸುವಾಗ ನಾನು ಮೊದಲು ನೋಡುವುದು ಗುಂಡಿಯನ್ನು: ಒತ್ತಿದ ಕ್ಷಣಕ್ಕೇ ಹಿಡಿಯುತ್ತದೆಯೇ, ಪ್ರತಿ ಸಲವೂ ಹಾಗೆಯೇ ಹಿಡಿಯುತ್ತದೆಯೇ? ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ಹತ್ತಾರು ಸಲ ಒತ್ತಿ ನೋಡಬೇಕು. ಹಾಗೆ ಒತ್ತಲು ಬಿಡದ ಅಂಗಡಿಯಿಂದ ಎದ್ದು ಬರಬೇಕು.

ಟಿಸಿ ಎಲೆಕ್ಟ್ರಾನಿಕ್‌ನ ಡಿಟ್ಟೊ ಅಂಗೈಯಗಲದ ವಸ್ತು. ಒಂದೇ ಗುಂಡಿ, 5 ನಿಮಿಷದ ನೆನಪು, ಕಲಿಯಲು ಸುಲಭ. ಆದರೆ ಅದಕ್ಕೆ ಬ್ಯಾಟರಿ ಹಾಕಲು ಬರುವುದಿಲ್ಲ. ಜಾತ್ರೆಯ ವೇದಿಕೆಯಲ್ಲಿ ಕರೆಂಟು ಕಣ್ಣು ಮಿಟುಕಿಸಿದರೆ ಹಾಡು ಅಲ್ಲಿಗೇ ನಿಂತಿತು. ಬಾಸ್ ಕಂಪನಿಯ ಆರ್‌ಸಿ-1ಕ್ಕೆ 12 ನಿಮಿಷದ ನೆನಪಿದೆ, 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ಆವರ್ತ ಎಲ್ಲಿಗೆ ಬಂತು ಎಂಬುದನ್ನು ಸುತ್ತು ದೀಪ ತೋರಿಸುತ್ತದೆ, ಸಮ ಹಿಡಿಯಲು ಇದು ದೊಡ್ಡ ಆಸರೆ. ಎರಡರಲ್ಲೂ ಒಂದು ಕಿರಿಕಿರಿ ಉಂಟು: ನಿಲ್ಲಿಸಲು ಬೇಗ ಬೇಗ ಎರಡು ಸಲ ಒತ್ತಬೇಕು. ಆ ಅರೆಕ್ಷಣದಲ್ಲಿ ಮುಂದಿನ ಆವರ್ತದ ಚೂರು ಹೊರಗೆ ನುಸುಳುತ್ತದೆ, ಹಾಡಿನ ಮುಕ್ತಾಯ ಹರಿದ ಬಟ್ಟೆಯ ಅಂಚಿನಂತಾಗುತ್ತದೆ. ಆರ್‌ಸಿ-1ಕ್ಕೆ ನಿಲ್ಲಿಸಲೆಂದೇ ಬೇರೆ ಗುಂಡಿ ಜೋಡಿಸಬಹುದು. ಹೊಸಬರಿಗೆ ನನ್ನ ಮತ ಅದಕ್ಕೇ.

ಅದೇ ಕಂಪನಿಯ ಆರ್‌ಸಿ-5ರಲ್ಲಿ 99 ಲೂಪ್ ಉಳಿಸುವ ಜಾಗ, 57 ಬಗೆಯ ತಾಳಗಳು, ಪುಟ್ಟ ಪರದೆ ಎಲ್ಲ ಇವೆ. ಕಲಿಯುವವನು ಪರದೆ ನೋಡುತ್ತ ಕೂಡುತ್ತಾನೆ, ಕೈ ಪಳಗುವುದಿಲ್ಲ. ಆದರೂ ಅದರ ಒಂದು ಗುಣವನ್ನು ಒಪ್ಪಲೇಬೇಕು: ಹಿಡಿದ ಲೂಪಿನ ಲಯವನ್ನು ಆಮೇಲೆ ಏರಿಸಬಹುದು. ಸಣ್ಣಾಟದ ಹಾಡಿರಲಿ, ಸವದತ್ತಿ ಗುಡ್ಡದ ಚೌಡಿಕೆ ಪದವಿರಲಿ, ಹೋಗ್ತಾ ಹೋಗ್ತಾ ಬಿಸಿಯೇರುತ್ತವೆ. ಆರ್‌ಸಿ-1 ಮೊದಲ ಆವರ್ತದ ನಡೆಯಲ್ಲೇ ಕೊನೆತನಕ ನಡೆಯುತ್ತದೆ, ಹಾಡುವವನನ್ನೂ ಹಿಡಿದೆಳೆಯುತ್ತದೆ.

ಚೌಡಿಕೆಯನ್ನಂತೂ ಲೂಪಿಗೆ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಒಂದು ಕೈ ತಂತಿ ಮೀಟುತ್ತಿದ್ದರೆ ಇನ್ನೊಂದು ಅದನ್ನು ಜಗ್ಗುತ್ತ ಸಡಿಲಿಸುತ್ತ ಹಾಡಿನ ಮಾತಿಗೆ ಎದುರುತ್ತರ ಕೊಡುತ್ತಿರುತ್ತದೆ. ಆ ಉತ್ತರವನ್ನೇ ನಾಲ್ಕು ಸಲ ತಿರುಗಿಸಿದರೆ ಮಾತು ಮುಂದೆ ಹೋಗಿರುತ್ತದೆ, ತಂತಿ ಹಳೆಯ ಮಾತಿಗೇ ಹೂಂಗುಡುತ್ತಿರುತ್ತದೆ. ಪೇಟಿಯ ಸುರ, ದಪ್ಪಿನ ಸರಳ ಪೆಟ್ಟು, ತಾಳ ಇವಿಷ್ಟನ್ನು ಪೆಡಲ್‌ಗೆ ಬಿಟ್ಟು ಉಳಿದದ್ದನ್ನು ಕೈಯಲ್ಲೇ ಇಟ್ಟುಕೊಳ್ಳಲಿ.

ಖರ್ಚಿನ ಲೆಕ್ಕ ಹಾಕುವಾಗ ಇನ್ನೊಂದು ವಿಷಯ. ಈ ಸಣ್ಣ ಪೆಡಲ್‌ಗಳು ಗಿಟಾರಿನ ತಂತಿಗಾಗಿ ಮಾಡಿದವು. ಹಾಡುವ ಮೈಕ್ ನೇರ ಸಿಕ್ಕಿಸಲು ಬರುವುದಿಲ್ಲ, ನಡುವೆ ಚಿಕ್ಕ ಮಿಕ್ಸರ್ ಬೇಕು. ಅಡಾಪ್ಟರ್ 9 ವೋಲ್ಟಿನದಾದರೆ ಸಾಲದು, ಪಿನ್ನಿನ ನಡುವೆ ಮೈನಸ್ ಇರಬೇಕು; ಉಲ್ಟಾ ಇದ್ದದ್ದನ್ನು ಚುಚ್ಚಿದರೆ ಪೆಡಲ್ ಕೆಡಬಹುದು. ಮತ್ತು ಮೈಕನ್ನು ಸ್ಪೀಕರಿನ ಎದುರು ಇಡಬಾರದು. ಇಟ್ಟರೆ ಹೊಸ ಪದರ ಹಾಕಿದಾಗಲೆಲ್ಲ ಹಳೆಯ ಪದರವೂ ಅದರೊಳಗೆ ಮತ್ತೆ ಬಂದು ಕೂಡುತ್ತದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಯಾವುದು ಪೇಟಿ, ಯಾವುದು ದಪ್ಪು ಎಂದು ತಿಳಿಯುವುದಿಲ್ಲ.